ಕೌದಿಗೆ ಯಾರ ಹೆಸರು? ಜತ್ತ ತಾಲ್ಲೂಕಿನ ಒಂದು ಪ್ರಕರಣ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಉಮದಿ ಕಡೆಯ ಒಂದು ಹಳ್ಳಿ. ಅಲ್ಲಿನ ಐದು ಜನ ಹೆಂಗಸರು ಮತ್ತು ಬೆಂಗಳೂರಿನ ಒಬ್ಬ ಕಲಾವಿದೆ ಸೇರಿ ಗ್ಯಾಲರಿಯಲ್ಲಿ ತೋರಿಸಲೆಂದೇ ಒಂದು ಕೌದಿ, ಅಂದರೆ ಹಳೆ ಬಟ್ಟೆ ಪದರ ಪದರವಾಗಿ ಸೇರಿಸಿದ ಹೊದಿಕೆ, ಹೊಲಿದರು. 9 ಅಡಿ ಉದ್ದ, 7 ಅಡಿ ಅಗಲ, ತೂಕ 5 ಕಿಲೋದ ಆಜುಬಾಜು. ಕೌದಿ ಚೆನ್ನಾಗಿ ಬಂತು, ಮಾರಾಟವೂ ಆಯಿತು. ಆದರೆ ಇದನ್ನು ಮಾಡಿದ್ದು ಯಾರು, ದುಡ್ಡು ಹೇಗೆ ಹಂಚಬೇಕು, ಅದರ ಫೋಟೊ ಯಾರ ಸ್ವತ್ತು ಅನ್ನೋ ಪ್ರಶ್ನೆಗಳು ಒಂದರ ಹಿಂದೆ ಒಂದು ಎದ್ದವು. ನಾನು ಜತ್ತದವಳು. ಎರಡೂ ಕಡೆಯವರ ಪರಿಚಯ ಇದ್ದದ್ದರಿಂದ ನಡುವೆ ನಿಂತು ಕೆಲಸ ಮಾಡಿದೆ.

ನೂಲು, ದಾರ, ಹಳೆ ಬಟ್ಟೆ ಹಿಡಿದು ಕೆಲಸ ಮಾಡುವ ಕಲಾವಿದರು ಈಗ ಜಾಸ್ತಿ. ಅವರಲ್ಲಿ ಎಷ್ಟೋ ಜನ ಹಳ್ಳಿಯ ಹೊಲಿಗೆಯವರನ್ನು, ನೇಕಾರರನ್ನು ಜೊತೆಗೆ ಕರೆದುಕೊಳ್ಳುತ್ತಾರೆ. ಅಂಥವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೂಜಿ ಹಿಡಿದವರು ಕೃತಿ ಹೇಗಿರಬೇಕು ಅನ್ನೋದನ್ನೂ ತೀರ್ಮಾನ ಮಾಡುತ್ತಾರೆ. ಹಾಗಾಗಿ ಹೆಸರು, ದುಡ್ಡು, ಹಕ್ಕು ಮೂರೂ ಮೊದಲ ಟಾಕಾ (ಹೊಲಿಗೆ) ಹಾಕುವ ಮುಂಚೆಯೇ ಕಾಗದದ ಮೇಲೆ ಬರಬೇಕು.

ಬಟ್ಟೆ ಕೂಡಿಸಿದ್ದು

ಜತ್ತ ಮಳೆ ಕಡಿಮೆಯ ತಾಲ್ಲೂಕು. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಟೋಳಿಗಳು ಕೊಲ್ಲಾಪುರ, ಪಶ್ಚಿಮ ಸಾಂಗಲಿ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಹೊರಡುತ್ತವೆ. ಟೋಳಿ ಕಟ್ಟುವ ಗುತ್ತಿಗೆದಾರ ಮುಕಾದಮನ ಹತ್ತಿರ ಮುಂಗಡ ತೆಗೆದುಕೊಂಡಿರುತ್ತಾರೆ, ಅದಕ್ಕೆ ಉಚಲ ಅಂತಾರೆ. ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ, ಅಂದರೆ ಒಂದು ಕತ್ತಿ, ಅಂತ ಲೆಕ್ಕ. ಬೇಸಿಗೆವರೆಗೂ ಕಾರ್ಖಾನೆ ಹತ್ತಿರದ ಗುಡಿಸಲಲ್ಲೇ ಸಂಸಾರ. ಪುಷ್ಯ ಮಾಸದ ಥಂಡಿಯಲ್ಲಿ ಮಕ್ಕಳಿಗೆ ಹಾಸೋಕೂ ಕೌದಿ, ಹೊದೆಯೋಕೂ ಕೌದಿ.

ಕಲಾವಿದೆಯ ಯೋಚನೆ ಹೀಗಿತ್ತು. ಕಬ್ಬಿಗೆ ಹೋಗುವ ಮನೆಗಳ ಹಳೆ ಬಟ್ಟೆ ಕೂಡಿಸಬೇಕು, ಆ ಮನೆಗಳ ಹೆಂಗಸರೇ ಹೊಲಿಯಬೇಕು, ಅವರು ಹೋಗಿ ಬರುವ ದಾರಿಯ ನಕ್ಷೆ ಆ ಕೌದಿ ಮೇಲೆ ಬರಬೇಕು. ಕಲಾವಿದೆ ಚಿತ್ರಕಲೆ ಓದಿದವರು. ಬಣ್ಣ, ಕುಂಚ ಬಿಟ್ಟು ಬಟ್ಟೆಗೆ ಬಂದು ಬಹಳ ವರ್ಷ ಆಗಿದೆ. ದಾರದ ಕೆಲಸ ಅಂದರೆ ಅವರು ಮೊದಲು ಹೇಳುವ ಹೆಸರು ಶೀಲಾ ಗೌಡ ಅವರದು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದ ಕೊನೆಗೆ ಮಾಡಿದ ಒಂದು ಕೃತಿಯಲ್ಲಿ ಉದ್ದನೆಯ ದಾರಗಳನ್ನು ಸೂಜಿಯ ಕಣ್ಣಿನಿಂದ ಪೂರ್ತಿ ಎಳೆದು, ಕುಂಕುಮ ಮತ್ತು ಅಂಟು ಬಳಿದು, ಹಗ್ಗದ ಹಾಗೆ ಒಟ್ಟುಮಾಡಿ ಗೋಡೆ ಮೇಲೂ ನೆಲದ ಮೇಲೂ ಹರಿಬಿಟ್ಟಿದ್ದರು. ತುದಿಯಲ್ಲಿ ಸೂಜಿಗಳ ಗೊಂಚಲು. ಹೆಣ್ಣುಮಕ್ಕಳ ಮನೆಗೆಲಸ, ನೋವು ಎರಡೂ ಆ ದಾರದಲ್ಲಿ ಕಾಣುತ್ತದೆ. ಅಲ್ಲಿ ದಾರ ಎಳೆದದ್ದು ಕಲಾವಿದೆಯೇ. ನಮ್ಮ ಪ್ರಕರಣದಲ್ಲಿ ಎಳೆಯುವ ಕೈ ಬೇರೆಯವರದು. ಎಲ್ಲ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿತು.

ನಮ್ಮ ಕಡೆ ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಇದೆಯಲ್ವಾ, ಅದೇ ಲೆಕ್ಕ ಹಿಡಿದೆವು. ಬಟ್ಟೆ ಕೊಟ್ಟ ಮನೆಗೆ ಒಂದೊಂದು ಮುಚ್ಚಳದ ಡಬ್ಬಿ. ಸೀರೆ, ಧೋತರ, ಕುಬಸ, ಶಾಲೆಯ ಯುನಿಫಾರ್ಮು, ಕಬ್ಬಿನ ರವದಿಗೆ (ಒಣ ಗರಿಗೆ) ಹರಿದ ಫುಲ್ ತೋಳಿನ ಅಂಗಿ, ಎಲ್ಲ ಬಂತು. ಆದರೆ ರಾಶಿಯಲ್ಲಿ ಹತ್ತಿ ಕಡಿಮೆ, ಪಾಲಿಯೆಸ್ಟರ್ ಜಾಸ್ತಿ. ಹತ್ತಿಯ ಇಳಕಲ್ ಸೀರೆ ಉಡುತ್ತಿದ್ದ ಮುದುಕಿಯರು ಹೋದರು. ಈಗ ದಿನಾ ಉಡುವುದು ಒಗೆಯಲು, ಒಣಗಿಸಲು ಸುಲಭವಾದ ಸೀರೆ.

ಐವರಲ್ಲಿ ಹಿರಿಯಾಕಿಯನ್ನು ಎಲ್ಲರೂ ಆಯಿ ಅಂತ ಕರೆಯುತ್ತಾರೆ. ಆಯಿ ರಾಶಿ ಮುಂದೆ ಕೂತು ಒಂದು ಎಣ್ಣೆ ದೀಪ ಹಚ್ಚಿಕೊಂಡರು. ಅನುಮಾನ ಬಂದ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ಹತ್ತಿ ಎಳೆ ಹತ್ತಿಕೊಂಡು ಉರಿದು ಬೂದಿಯಾಗುತ್ತದೆ, ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಮುದುಡಿ ಕರಗಿ, ತುದಿಗೆ ಗಟ್ಟಿ ಮಣಿ ಕಟ್ಟುತ್ತದೆ. ಆ ಮಣಿಯನ್ನು ಉಗುರಲ್ಲಿ ಒತ್ತಿ ನೋಡಿ, ಬಟ್ಟೆಯನ್ನು ಎಡಕ್ಕೋ ಬಲಕ್ಕೋ ಒಗೆಯುತ್ತಿದ್ದರು. ಕಲಾವಿದೆ ಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ಇಟ್ಟಿದ್ದರು. ಸಂಜೆಗೆ ಆ ಗುಂಪುಗಳು ಉಳಿಯಲಿಲ್ಲ. ಉಳಿದದ್ದು ಎರಡೇ ಗುಡ್ಡೆ, ಹತ್ತಿಯದೊಂದು, ಪಾಲಿಯೆಸ್ಟರಿನದೊಂದು.

ಇದು ಸುಮ್ನೆ ಹಟ ಅಲ್ಲ. ಕೌದಿಯ ಒಳಗೆ ನಾಲ್ಕೈದು ಪದರ ಇರುತ್ತದೆ. ಪಾಲಿಯೆಸ್ಟರ್ ಮೇಲೆ ಪಾಲಿಯೆಸ್ಟರ್ ಇಟ್ಟರೆ ಪದರ ಜಾರುತ್ತದೆ. ಹೊಲಿಯುವಾಗ ಸರಿಯಿದ್ದದ್ದು ಆಮೇಲೆ ಸುಕ್ಕು ಬೀಳುತ್ತದೆ. ಒಳಗೆಲ್ಲ ಹತ್ತಿ ಹಾಕಬೇಕು, ಪಾಲಿಯೆಸ್ಟರ್ ಮೇಲೆ ಮಾತ್ರ, ಅದೂ ಸಣ್ಣ ಸಣ್ಣ ತುಂಡಾಗಿ ಹಚ್ಚಬೇಕು ಅಂತ ಆಯಿ ತೀರ್ಮಾನ ಕೊಟ್ಟರು. ಮೇಲ್ಮೈಯ ತುಂಡುಗಳ ಅಳತೆ, ಅಂದರೆ ನಾವು ನೋಡುವ ಚಿತ್ರದ ಹದ, ಅಲ್ಲೇ ಗೊತ್ತಾಗಿಹೋಯಿತು.

ನಕ್ಷೆ ಬದಲಾದದ್ದು

ಕಲಾವಿದೆ ಪೂರ್ತಿ ಅಳತೆಯ ಕಾಗದದಲ್ಲಿ ನಕ್ಷೆ ಬರೆದು ತಂದಿದ್ದರು. ಒಂದು ಮೂಲೆಯಲ್ಲಿ ಜತ್ತ, ಎದುರು ಮೂಲೆಯಲ್ಲಿ ಕೊಲ್ಲಾಪುರ, ನಡುವೆ ಕೆಂಪು ದಾರದ ಒಂದು ದಾರಿ.

ಈ ಹಳ್ಳಿಯಲ್ಲಿ ಕೌದಿ ಹೊಲಿಯುವುದು ಅಂಚಿನಿಂದ. ನೆಲದ ಮೇಲೆ ಪದರ ಹಾಸಿ, ಕಚ್ಚಾ ಹೊಲಿಗೆ ಹಾಕಿ ಬಿಗಿ ಮಾಡಿಕೊಂಡು, ನಾಲ್ಕೂ ಕಡೆ ಒಬ್ಬೊಬ್ಬರು ಕೂತು ಅಂಚಿನ ಗುಂಟ ಸಾಲು ಹಾಕುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಹಾಗೆ ಬಂದರೆ ಪದರಗಳ ನಡುವಿನ ಸಡಿಲ ಬಟ್ಟೆ ಒಂದೇ ಸಮ ಒಳಕ್ಕೆ ಸರಿಯುತ್ತದೆ. ನಡುವೆ ಅಡ್ಡ ಒಂದು ಗೆರೆ ಹೊಲಿದುಬಿಟ್ಟರೆ ಆ ಸಡಿಲ ಅಲ್ಲೇ ತಡೆದು ಗಂಟು ಕಟ್ಟುತ್ತದೆ. ಆ ದಾರಿ ಹಾಗೆ ಬರೋದಿಲ್ಲ ಅಂತ ಮೊದಲ ದಿನವೇ ಹೇಳಿದರು.

ಕಲಾವಿದೆ ಪರಿಹಾರ ಯೋಚಿಸುತ್ತಿದ್ದರು. ಕೌದಿ ಪೂರ್ತಿ ಮುಗಿದ ಮೇಲೆ ದಾರಿಯನ್ನು ಮೇಲಿಂದ ಕಸೂತಿ ಮಾಡಿದರೆ ಹೇಗೆ ಅಂತ ಕೇಳಿದರು. ಆಗ ಐವರಲ್ಲಿ ಕಿರಿಯವಳು, ಮದುವೆಯಾದಾಗಿನಿಂದ ಕಬ್ಬಿಗೆ ಹೋಗುತ್ತಿರುವಾಕಿ, ಮಾತಾಡಿದಳು. “ಅಕ್ಕಾರ, ನಾವು ನೆಟ್ಟಗ ಹೋಗಿ ನೆಟ್ಟಗ ಬರಂಗಿಲ್ರಿ. ಒಂದ್ ಫಡದಿಂದ ಇನ್ನೊಂದಕ್ಕ, ಅಲ್ಲಿಂದ ಮತ್ತೊಂದಕ್ಕ ಸುತ್ತತೇವ್ರಿ. ದಾರಿ ಸಾಲಿನ್ಯಾಗ ಸುತ್ಲಿ ಬಿಡ್ರಿ.” ಫಡ ಅಂದರೆ ಕಡಿಯುವ ಕಬ್ಬಿನ ಹೊಲ. ಬಿಳಿ ದಾರದ ಸಾಲುಗಳ ನಡುವೆ ಒಂದು ಸಾಲು ಕೆಂಪು ದಾರ ಹಾಕಿ, ಅದು ಅಂಚಿನಿಂದ ನಡುವಿನವರೆಗೆ ಸುತ್ತಿಕೊಂಡು ಬರಲಿ ಅನ್ನೋದು ಅವಳ ಮಾತಿನ ಅರ್ಥ.

ಹಾಗೇ ಮಾಡಿದರು. ನೇರ ರಸ್ತೆಯ ನಕ್ಷೆ ಹೋಗಿ ಸುರುಳಿ ಬಂತು. ಕೃತಿಯ ಬಗ್ಗೆ ಆಮೇಲೆ ಬರೆದವರು, ಮಾತಾಡಿದವರು ಎಲ್ಲರೂ ಆ ಸುರುಳಿಯ ಬಗ್ಗೆಯೇ ಹೇಳಿದರು. ವಲಸೆ ಅಂದರೆ ಊರಿಂದ ಊರಿಗೆ ಎಳೆದ ಗೆರೆ ಅಂತ ಓದಿಕೊಂಡಿದ್ದ ನಮಗೆ, ಮುಗಿಯದೆ ಸುತ್ತುವುದೂ ವಲಸೆಯೇ ಅಂತ ಕಾಣಿಸಿದ್ದು ಅವಳು. ಇದನ್ನು ‘ಸ್ಥಳೀಯರ ನೆರವು’ ಅಂತ ಹೇಗೆ ಕರೆಯೋದು?

ಇನ್ನೊಂದು ನಾಲ್ಕು ಮೂಲೆಗಳ ವಿಷಯ. ಮಾಸಿದ ಬಣ್ಣಗಳೇ ಇರಬೇಕು ಅಂತ ಕಲಾವಿದೆಗೆ ಇತ್ತು. ಆಯಿ ಒಂದು ಮಧ್ಯಾಹ್ನ ತಮ್ಮ ಪೆಟ್ಟಿಗೆಯಿಂದ ಗುಳೇದಗುಡ್ಡದ ಕೆಂಪು ಖಣದ (ಕುಬಸದ ಬಟ್ಟೆಯ) ತುಂಡು ತಂದು, ಮೂರು ಮೂಲೆ ಬರುವಂತೆ ಮಡಿಚಿ, ನಾಲ್ಕೂ ಕಡೆ ಹಚ್ಚಿಬಿಟ್ಟರು. “ಮೂಲಿ ಬರಿದು ಇರಬಾರ್ದವ್ವಾ.” ಕಲಾವಿದೆಗೆ ಒಪ್ಪಿಗೆ ಆಗಲಿಲ್ಲ. ರಾತ್ರಿ ನನ್ನ ಹತ್ತಿರ ಅದನ್ನೇ ಮಾತಾಡಿದರು, ಬಿಚ್ಚಿಸಬೇಕೋ ಬೇಡವೋ ಅಂತ. ಬೆಳಿಗ್ಗೆ ಎದ್ದು, ದೂರ ನಿಂತು ಬಹಳ ಹೊತ್ತು ನೋಡಿ, ಇರಲಿ ಅಂದರು. ಆ ಮಾತಿಗೆ ನಾನು ಅವರನ್ನು ತುಂಬ ಗೌರವಿಸುತ್ತೇನೆ.

ಇಂಥದ್ದು ಹಿಂದೆಯೂ ಆಗಿದೆ. ಇಟಲಿಯ ಅಲಿಘಿಯೆರೊ ಬೊಯೆಟ್ಟಿ 1971ರಿಂದ ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಕೈಯಲ್ಲಿ ಜಗತ್ತಿನ ನಕ್ಷೆಗಳನ್ನು ಕಸೂತಿ ಮಾಡಿಸಿದರು. ಪ್ರತಿ ದೇಶದೊಳಗೆ ಅದರ ಬಾವುಟ. ಒಂದು ಸಲ ಬಂದ ನಕ್ಷೆಯಲ್ಲಿ ಸಮುದ್ರ ನೀಲಿ ಇರಲಿಲ್ಲ, ಗುಲಾಬಿ ಇತ್ತು. ಅಲ್ಲಿ ಕೈಗೆ ಸಿಕ್ಕ ದಾರ ಅದು. ಬೊಯೆಟ್ಟಿಗೆ ಅದು ಬಹಳ ಹಿಡಿಸಿತು. ಮುಂದೆ ಸಮುದ್ರದ ಬಣ್ಣವನ್ನು ಹೊಲಿಯುವವರಿಗೇ ಬಿಟ್ಟರು. 1994ರಲ್ಲಿ ಅವರು ತೀರಿಕೊಂಡರು. ನಕ್ಷೆಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಬಣ್ಣ ಆರಿಸಿದ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನರ ಹೆಸರು ಗೋಡೆ ಮೇಲೆ ಇಲ್ಲ. ಕಲಾವಿದೆಗೆ ಈ ಕಥೆ ಚೆನ್ನಾಗಿ ಗೊತ್ತಿತ್ತು. ತಮ್ಮ ಕೃತಿಯಲ್ಲಿ ಹಾಗಾಗಬಾರದು ಅಂತ ಬಾಯಿಮಾತಲ್ಲಿ ಹೇಳಿಯೂ ಇದ್ದರು.

ಹೊಟ್ಟೆಯೊಳಗಿನ ಜೋಳ

ಕೊನೆಯ ಸುತ್ತು ಮುಚ್ಚುವ ಮೊದಲು ಆಯಿ ಒಂದು ಹಿಡಿ ಮಾಲದಂಡಿ ಜೋಳ ತಂದು ಕೌದಿಯ ಒಳಗೆ ಹಾಕಲು ಹೋದರು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರು ಹಸಿದು ಮಲಗುತ್ತಾರೆ ಅನ್ನೋ ನಂಬಿಕೆ. ಫೋನಿನಲ್ಲಿ ಗ್ಯಾಲರಿಯವರಿಗೆ ಇದು ತಿಳಿದದ್ದೇ ತಡ, ಆಗೋದಿಲ್ಲ ಅಂದರು. ಧಾನ್ಯ ಇದ್ದರೆ ನುಸಿ ಬರುತ್ತದೆ, ಬೆಳ್ಳಿಮೀನು ಅನ್ನೋ ಹುಳ ಬರುತ್ತದೆ, ಪಕ್ಕದ ಕೃತಿಗಳಿಗೂ ಹಬ್ಬುತ್ತದೆ. ಅವರು ಹೇಳಿದ್ದು ನಿಜವೇ. ಬಟ್ಟೆ ಕಾಪಾಡುವವರಿಗೆ ಹುಳ, ಬೆಳಕು, ತೇವ ಮೂರೂ ಶತ್ರುಗಳು.

ಹುರಿದ ಜೋಳ ಹಾಕಿದರೆ ಹೇಗೆ ಅಂತ ನಾನು ಕೇಳಿದೆ. ಆಯಿ ಒಪ್ಪಲಿಲ್ಲ. “ಹುರಿದದ್ದು ಮೊಳಕಿ ಒಡೀತೈತೇನು? ಸತ್ತ ಕಾಳು ಉಡಿಯಾಗ ಹಾಕ್ತಾರೇನು?” ಅದಕ್ಕೆ ಎದುರು ಹೇಳುವ ಮಾತು ನನ್ನ ಹತ್ತಿರ ಇರಲಿಲ್ಲ.

ದಾರಿ ತೋರಿಸಿದವರು ಬಟ್ಟೆ ಸಂರಕ್ಷಣೆ ಓದಿದ ಒಬ್ಬರು. ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಸೀಲ್ ಮಾಡಿ, ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಟ್ಟರೆ ಹುಳ ಮತ್ತು ಮೊಟ್ಟೆ ಎರಡೂ ಸಾಯುತ್ತವೆ. ಮ್ಯೂಸಿಯಂಗಳಲ್ಲಿ ಇದು ಮಾಮೂಲು ಪದ್ಧತಿ. ಹೊರಗೆ ತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬಾರದು, ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಇಲ್ಲದಿದ್ದರೆ ತಣ್ಣನೆ ಬಟ್ಟೆ ಮೇಲೆ ನೀರು ಕೂರುತ್ತದೆ. ಸಾಂಗಲಿ ಕಡೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಬೇಕಾದಷ್ಟಿವೆ. ಆದರೆ ಅಲ್ಲಿ ಬರೀ ತಂಪು, ಅಷ್ಟು ಸಾಕಾಗುವುದಿಲ್ಲ. ಕೊನೆಗೆ ಐಸ್‌ಕ್ರೀಂ ಏಜೆನ್ಸಿಯೊಂದರ ದೊಡ್ಡ ಫ್ರೀಜರಿನಲ್ಲಿ ಜಾಗ ಸಿಕ್ಕಿತು. ಒಣ ಜೋಳ, ಒಣ ಬಟ್ಟೆ, ಗಟ್ಟಿ ಸೀಲ್. ಜೋಳ ಒಳಗೇ ಉಳಿಯಿತು, ಗ್ಯಾಲರಿಯೂ ಒಪ್ಪಿತು. ಕೊಂಡವರಿಗೂ ಇದನ್ನು ಬರೆದು ತಿಳಿಸಿದ್ದೇವೆ, ಆಗಾಗ ಬಿಡಿಸಿ ನೋಡುತ್ತಿರಬೇಕು ಅಂತಲೂ ಹೇಳಿದ್ದೇವೆ.

ಗೋಡೆಯ ಮೇಲಿನ ಪಟ್ಟಿ

ಪ್ರದರ್ಶನ ಶುರುವಾದ ಸಂಜೆ ಯಾರೋ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಕೌದಿಯ ಪಕ್ಕದ ಪಟ್ಟಿಯಲ್ಲಿ ಕಲಾವಿದೆಯ ಹೆಸರು ದೊಡ್ಡದಾಗಿ ಇತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ಸ್ಥಳೀಯ ಮಹಿಳೆಯರ ಸಹಕಾರದೊಂದಿಗೆ’ ಅನ್ನೋ ಅರ್ಥದ ಒಂದು ಇಂಗ್ಲಿಷ್ ಸಾಲು. ಕಿರಿಯವಳ ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳು ಓದಿ ಹೇಳಿದಳು. ಯಾರೂ ಜಗಳ ಆಡಲಿಲ್ಲ. ಆಯಿ ಒಂದೇ ಪ್ರಶ್ನೆ ಕೇಳಿದರು, “ನಮಗ ಹೆಸರಿಲ್ಲೇನು?”

ಪಟ್ಟಿಗೆ ಅಂತ ಕಲಾವಿದೆ ಬರೆದುಕೊಟ್ಟಿದ್ದರಲ್ಲಿ ಎಲ್ಲರ ಹೆಸರು ಇತ್ತು. ಜಾಗ ಇಲ್ಲ, ಎಲ್ಲ ಕೃತಿಗೂ ಒಂದೇ ಮಾದರಿ ಅಂತ ಗ್ಯಾಲರಿಯಲ್ಲಿ ಕತ್ತರಿಸಿದ್ದರು. ಒಪ್ಪಂದ ಕಾಗದದಲ್ಲಿ ಇರಲಿಲ್ಲವಾದ್ದರಿಂದ ತೋರಿಸಿ ಕೇಳಲು ಏನೂ ಇರಲಿಲ್ಲ. ಹೆಸರು ಬರದಿದ್ದರೆ ಕೌದಿಯನ್ನು ಇಳಿಸಿಬಿಡಿ ಅಂತ ಕಲಾವಿದೆ ಹಟ ಹಿಡಿದ ಮೇಲೆ ಪಟ್ಟಿ ಬದಲಾಯಿತು. ಕನ್ನಡದಲ್ಲೂ ಬರೆದರು.

ಆದರೆ ಬದಲಾದ ಪಟ್ಟಿಯಲ್ಲಿ ಐವರ ಪೈಕಿ ನಾಲ್ವರ ಹೆಸರೇ ಇದೆ. ಒಬ್ಬಾಕಿ ಬೇಡ ಅಂದರು. ಅವರಿಗೆ ವಿಧವೆಯರಿಗೆ ಸಿಗುವ ಸರ್ಕಾರದ ಪಗಾರ ಬರುತ್ತದೆ. ಅದಕ್ಕೆ ಆದಾಯದ ಮಿತಿ ಇದೆ. ಬೆಂಗಳೂರಲ್ಲಿ ಹೆಸರು ಬಂತು, ದುಡ್ಡು ಬಂತು ಅಂತ ಯಾರಾದರೂ ಹೇಳಿದರೆ ತಿಂಗಳ ಪಗಾರ ನಿಂತುಹೋದೀತು ಅನ್ನೋ ಹೆದರಿಕೆ. ಒಮ್ಮೆ ಬರುವ ದುಡ್ಡಿಗಿಂತ ತಿಂಗಳು ತಿಂಗಳು ಬರೋದು ದೊಡ್ಡದು ಅನ್ನೋ ಅವರ ಲೆಕ್ಕ ಸರಿ. ನಾವು ಹೆಸರಿಗಾಗಿ ಹೋರಾಡುವಾಗ ಹೆಸರು ಎಲ್ಲರಿಗೂ ಬೇಕೇ ಬೇಕು ಅಂದುಕೊಳ್ಳುತ್ತೇವೆ. ಅವರವರನ್ನು ಒಬ್ಬೊಬ್ಬರಾಗಿ, ಬೇರೆಯವರು ಇಲ್ಲದಾಗ ಕೇಳಬೇಕು. ಅವರ ಪಾಲಿನ ದುಡ್ಡು, ಹಕ್ಕು ಎಲ್ಲವೂ ಉಳಿದವರಷ್ಟೇ ಇದೆ, ಗೋಡೆ ಮೇಲೆ ಹೆಸರಿಲ್ಲ ಅಷ್ಟೆ.

ದುಡ್ಡು

ಶುರುವಿನಲ್ಲಿ ಮಾತಾಗಿದ್ದು ದಿನಗೂಲಿ. ಆಯಿ ಅದನ್ನು ಮೊದಲೇ ತಳ್ಳಿಹಾಕಿದ್ದರು. ಕೈ ಚುರುಕಿದ್ದಾಕಿಗೆ ದಿನಗೂಲಿಯಲ್ಲಿ ನಷ್ಟ ಅನ್ನೋದು ಅವರ ವಾದ. ಊರಲ್ಲಿ ಕೌದಿಗೆ ಇಷ್ಟು ಅಂತಲೇ ರೂಢಿ. ಕೊನೆಗೆ ಎರಡು ಭಾಗ ಮಾಡಿದೆವು. ಹೊಲಿಗೆಯ ಮಜೂರಿ ಊರಿನ ದರಕ್ಕಿಂತ ಮೇಲೆ, ಕೃತಿ ಮಾರಲಿ ಬಿಡಲಿ. ಮಾರಿದರೆ, ಗ್ಯಾಲರಿಯ ಕಮಿಷನ್ ಮತ್ತು ಸಾಮಾನಿನ ಖರ್ಚು ತೆಗೆದು ಉಳಿದದ್ದರಲ್ಲಿ ಅರ್ಧ ಕಲಾವಿದೆಗೆ, ಅರ್ಧ ಐವರಿಗೆ ಸಮ. ಈ ಅರ್ಧದ ಮಾತು ಮಾತ್ರ ಪಟ್ಟಿಯ ಗಲಾಟೆ ಆದ ಮೇಲೆ ಕಾಗದಕ್ಕೆ ಬಂತು. ಗ್ಯಾಲರಿಗಳ ಕಮಿಷನ್ ಕೆಲವು ಸಲ 50 ಪರ್ಸೆಂಟ್‌ವರೆಗೆ ಹೋಗುತ್ತದೆ ಅನ್ನೋದನ್ನು ಹೆಂಗಸರಿಗೆ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ಗೋಡೆ ಮೇಲಿನ ಬೆಲೆಯೇ ಕೈಗೆ ಬರುತ್ತೆ ಅಂತ ಅಂದುಕೊಂಡರೆ ಆಮೇಲೆ ನಂಬಿಕೆ ಹೋಗುತ್ತದೆ.

ಮಾರಾಟವಾದ ಮೇಲೆ ಗೃಹಾಲಂಕಾರದ ಒಂದು ಕಂಪನಿಯಿಂದ ಕಲಾವಿದೆಗೆ ಪತ್ರ ಬಂತು. ಕೌದಿಯ ಫೋಟೊವನ್ನು ಬೆಡ್‌ಶೀಟಿನ ಮೇಲೆ ಪ್ರಿಂಟ್ ಮಾಡಬೇಕಂತೆ. ಇಲ್ಲಿ ಅಮೆರಿಕದ ಗೀಸ್ ಬೆಂಡ್ ಹೆಂಗಸರ ಕಥೆ ನಮಗೆ ದಾರಿ ತೋರಿಸಿತು. ಅಲಬಾಮಾದ ಆ ಊರಿನ ಕಪ್ಪು ಹೆಂಗಸರು ತಲೆತಲಾಂತರದಿಂದ ಹಳೆ ಬಟ್ಟೆಯಲ್ಲಿ ಹೊಲಿಯುತ್ತಿದ್ದ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಮ್ಯೂಸಿಯಂನಲ್ಲಿ ಪ್ರದರ್ಶನವಾದವು. ದೊಡ್ಡ ಹೆಸರು ಬಂತು. 2006ರಲ್ಲಿ ಅಂಚೆ ಚೀಟಿಯ ಮೇಲೂ ಬಂದವು. ವಿನ್ಯಾಸಗಳು ಬೇರೆ ಬೇರೆ ಸಾಮಾನುಗಳ ಮೇಲೆ ಹೋದವು. 2007ರಲ್ಲಿ ಕೆಲವು ಹೆಂಗಸರು ತಮಗೆ ಸಲ್ಲಬೇಕಾದ ದುಡ್ಡು ಬಂದಿಲ್ಲ ಅಂತ ಕೋರ್ಟಿಗೆ ಹೋದರು. 2008ರಲ್ಲಿ ರಾಜಿಯಾಯಿತು. ಅಲ್ಲೂ ಜಗಳ ಎದ್ದದ್ದು ಹೆಸರು ಬಂದ ಮೇಲೆ, ಪ್ರತಿಗಳ ವಿಷಯಕ್ಕೆ.

ನಮ್ಮ ಕಾನೂನು ಏನು ಹೇಳುತ್ತದೆ ಅಂತ ವಕೀಲರನ್ನು ಕೇಳಿದೆವು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಚಿತ್ರ, ಶಿಲ್ಪಗಳ ಜೊತೆಗೆ ಕಲಾತ್ಮಕ ಕೈಕೆಲಸವೂ ಕಲಾಕೃತಿ ಅನ್ನುವುದರೊಳಗೆ ಬರುತ್ತದೆ. ಇಬ್ಬರು ಅಥವಾ ಹೆಚ್ಚು ಜನ ಸೇರಿ ಮಾಡಿ, ಒಬ್ಬರ ಕೆಲಸ ಇನ್ನೊಬ್ಬರದರಿಂದ ಬೇರ್ಪಡಿಸಲು ಆಗದಿದ್ದರೆ ಅದು ಜಂಟಿ ಕೃತಿ. ಸುರುಳಿಯನ್ನು, ಖಣದ ಮೂಲೆಯನ್ನು, ನಕ್ಷೆಯ ಯೋಚನೆಯನ್ನು ಆ ಕೌದಿಯಿಂದ ಬೇರೆ ಮಾಡಿ ತೋರಿಸಲು ಯಾರಿಂದ ಆಗುತ್ತದೆ? ಕರ್ತೃ ತಾನೇ ಅಂತ ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿದೆ, ಹಕ್ಕುಸ್ವಾಮ್ಯ ಮಾರಿದ ಮೇಲೂ ಅದು ಉಳಿಯುತ್ತದೆ. ಬೆಡ್‌ಶೀಟಿನ ವಿಷಯಕ್ಕೆ ಬಂದರೆ 15ನೇ ಕಲಮು ನೋಡಬೇಕು. ವಿನ್ಯಾಸವಾಗಿ ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ, ಒಪ್ಪಿಗೆ ಕೊಟ್ಟು ಯಂತ್ರದಲ್ಲಿ 50ಕ್ಕಿಂತ ಜಾಸ್ತಿ ಪ್ರತಿ ತೆಗೆಸಿದರೆ ಅದರ ಹಕ್ಕುಸ್ವಾಮ್ಯ ಹೋಗುತ್ತದೆ. ಅಂದರೆ ಆತುರಕ್ಕೆ ಹೂಂ ಅಂದರೆ ಕೈಗೆ ಬರುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚಾಗಬಹುದು.

ಹೆಂಗಸರಲ್ಲಿ ಒಮ್ಮತ ಇರಲಿಲ್ಲ. ಇಬ್ಬರು ದುಡ್ಡು ಬರೋದಾದರೆ ಪ್ರಿಂಟ್ ಆಗಲಿ ಅಂದರು. ಆ ಮಾತನ್ನು ನಾನು ಹಗುರವಾಗಿ ನೋಡಲಾರೆ, ಉಚಲ ತೀರಿಸಬೇಕಾದ ಮನೆಗಳವು. ಉಳಿದ ಮೂವರು ಬೇಡ ಅಂದರು. ಆಯಿ ಕೇಳಿದ್ದು, “ಛಾಪಾ ಹೊಡೆದ ಟಾಕಾ ಕೈಗೆ ಹತ್ತೈತೇನು?” ಕೊನೆಗೆ ಆರು ಜನರ ಒಪ್ಪಿಗೆ ಇಲ್ಲದೆ ಪ್ರತಿ ತೆಗೆಯುವಂತಿಲ್ಲ ಅಂತ ತೀರ್ಮಾನಿಸಿ ಕಂಪನಿಗೆ ಬರೆದೆವು. ಕೈಯಲ್ಲೇ ಹೊಲಿದ ಸಣ್ಣ ಕೌದಿಗಳು ಬೇಕಿದ್ದರೆ ಮಾಡಿಕೊಡುತ್ತಾರೆ ಅಂತಲೂ ಸೇರಿಸಿದೆವು. ಉತ್ತರ ಬರಲಿಲ್ಲ.

ಈಗ ಎಲ್ಲಿಗೆ ಬಂದಿದೆ

ಅದೇ ಕಲಾವಿದೆ, ಅದೇ ಐವರು ಎರಡನೇ ಕೌದಿಗೆ ಕೂತಿದ್ದಾರೆ. ಈ ಸಲ ಒಪ್ಪಂದ ಮೊದಲು. ಕನ್ನಡದಲ್ಲಿ ಎರಡು ಪುಟ, ಮರಾಠಿಯಲ್ಲಿ ಒಂದು ಪ್ರತಿ. ಅದನ್ನು ಎಲ್ಲರೂ ಕೂತಿದ್ದಾಗ ಗಟ್ಟಿಯಾಗಿ ಓದಿ, ಅರ್ಥವಾಗದ ಕಡೆ ನಿಲ್ಲಿಸಿ, ಆಮೇಲೆ ಸಹಿ, ಹೆಬ್ಬೆಟ್ಟು. ಗೋಡೆಯ ಪಟ್ಟಿಯಲ್ಲಿ ಏನು ಬರಬೇಕು ಅನ್ನೋದನ್ನು ಅಕ್ಷರದ ಅಳತೆ ಸಮೇತ ಬರೆದಿದೆ, ಗ್ಯಾಲರಿಯೂ ಸಹಿ ಹಾಕಬೇಕು. ಹೆಸರು ಬೇಡ ಅನ್ನುವವರು ಯಾವಾಗ ಬೇಕಾದರೂ ಬೇಕು ಅನ್ನಬಹುದು. ಕೌದಿಯ ಹೊಟ್ಟೆಗೆ ಏನು ಹಾಕಬೇಕು ಅನ್ನೋದು ಹೊಲಿಯುವವರ ಹಕ್ಕು, ಫ್ರೀಜರಿನ ಖರ್ಚು ಗ್ಯಾಲರಿಯದು.

ಒಂದು ಕಲಮು ಇನ್ನೂ ಖಾಲಿ ಇದೆ. ಕೊಂಡವರು ನಾಳೆ ಇನ್ನೊಬ್ಬರಿಗೆ ಹೆಚ್ಚು ಬೆಲೆಗೆ ಮಾರಿದರೆ ಮಾಡಿದವರಿಗೆ ಪಾಲು ಬರಬೇಕಾ? ಕಾಯ್ದೆಯ 53ಎ ಕಲಮಿನಲ್ಲಿ ಚಿತ್ರ, ಶಿಲ್ಪ, ರೇಖಾಚಿತ್ರ, ಹಸ್ತಪ್ರತಿಗಳಿಗೆ ಮರುಮಾರಾಟದ ಪಾಲು ಇದೆ, 10 ಪರ್ಸೆಂಟ್ ಮೀರದಂತೆ. ಕಲಾತ್ಮಕ ಕೈಕೆಲಸ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಒಪ್ಪಂದದಲ್ಲೇ ಬರೆಸಬೇಕು. ಕಲಾವಿದೆ ಒಪ್ಪಿದ್ದಾರೆ. ಗ್ಯಾಲರಿ ಹಿಂದೆಮುಂದೆ ನೋಡುತ್ತಿದೆ. ಆ ಪಾಲು ತಮ್ಮ ನಂತರ ಹೆಣ್ಣುಮಕ್ಕಳಿಗೆ ಹೋಗಬೇಕು ಅಂತ ಆಯಿ ಬರೆಸಿದ್ದಾರೆ. ಗ್ಯಾಲರಿಯ ಉತ್ತರ ಬರುವವರೆಗೆ ಬಟ್ಟೆ ವಿಂಗಡಿಸುವ ಕೆಲಸ ಮಾತ್ರ ನಡೆಯಲಿ, ಹೊಲಿಗೆ ಬೇಡ ಅಂತ ಐವರೂ ಹೇಳಿದ್ದಾರೆ. ಟೋಳಿಗಳು ಕಬ್ಬಿಗೆ ಹೊರಡುವುದರೊಳಗೆ ಉತ್ತರ ಬಂದರೆ ಈ ವರ್ಷ ಕೌದಿ ಆಗುತ್ತದೆ. ಇಲ್ಲದಿದ್ದರೆ ಅವರು ತಿರುಗಿ ಬಂದ ಮೇಲೆ.